ಒಂದು ‘ಸಿಗ್ನುಮ್’ಗೆ ಎಷ್ಟೊಂದು ಅರ್ಥ, ಒಂದು ಶಕುನಕ್ಕೆ ಎಷ್ಟೊಂದು ಪದ!

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಮಗಳು ಇಲ್ಲಿನ ಗಿಮ್ನಾಸಿಯುಮ್ ಶಾಲೆಯಲ್ಲಿ ಲ್ಯಾಟಿನ್ ತೆಗೆದುಕೊಂಡಿದ್ದಾಳೆ. ಈ ವರ್ಷ ರೋಮನ್ ಸೇನಾಪತಿ ಸೀಸರ್ ಬರೆದ ಯುದ್ಧದ ಕಥನ ಶುರುವಾಗಿದೆ. ಅವಳ ಜೊತೆ ಕೂತು ನಾನೂ ಕಲಿಯುತ್ತಿದ್ದೇನೆ. ‘ಸಿಗ್ನುಮ್’ ಅಂದರೆ ಚಿಹ್ನೆ ಅಂತ ಇಬ್ಬರೂ ಬಾಯಿಪಾಠ ಮಾಡಿದ್ದೆವು. ‘ಸಿಗ್ನಾ ಇನ್‌ಫೆರ್ರೆ’ (ಸಿಗ್ನಾ ಅಂದರೆ ಸಿಗ್ನುಮ್‌ನ ಬಹುವಚನ) ಅನ್ನುವುದನ್ನು ಅವಳು ‘ಚಿಹ್ನೆಗಳನ್ನು ಒಳಗೆ ತರುವುದು’ ಅಂತ ಬರೆದು ಅಂಕ ಕಳೆದುಕೊಂಡಳು. ನಿಘಂಟು ತೆಗೆದರೆ ಬಾವುಟ, ಪ್ರತಿಮೆ, ಮುದ್ರೆ, ನಕ್ಷತ್ರಪುಂಜ, ಗುಪ್ತಪದ, ಎಲ್ಲಾ ಇವೆ. ಇದರ ಮೇಲೆ ಓಮೆನ್, ಔಸ್ಪಿಕಿಯುಮ್, ಪ್ರೋದಿಗಿಯುಮ್, ಮೋನ್‌ಸ್ಟ್ರುಮ್ ಬೇರೆ. ನಮಗೆ ಇವೆಲ್ಲ ‘ಶಕುನ’ ಅಂತಲೇ ಕಾಣುತ್ತವೆ. ರೋಮನ್ನರಿಗೆ ಎಡಗಡೆ ಅಂದರೆ ಅಪಶಕುನ, ಎಡ ಅನ್ನುವ ಲ್ಯಾಟಿನ್ ಪದದಿಂದಲೇ ‘ಕೆಡುಕಿನ’ ಅನ್ನುವ ಅರ್ಥದ ಇಂಗ್ಲಿಷಿನ ‘ಸಿನಿಸ್ಟರ್’ ಬಂತು ಅಂತಲೂ ಯಾರೋ ಹೇಳಿದರು. ನಿಜವಾ? ಇಷ್ಟೆಲ್ಲ ಪದಗಳನ್ನು ಪಟ್ಟಿ ಮಾಡಿ ಉರು ಹೊಡೆಯಬೇಕಾ, ಬೇರೆ ದಾರಿ ಇದೆಯಾ?

ಉತ್ತರ: ನಿಮ್ಮ ಮಗಳ ತಪ್ಪು ಸೋಮಾರಿತನದ ತಪ್ಪಲ್ಲ. ಪದಕ್ಕೆ ಒಂದು ಅರ್ಥ ಕಲಿತಳು, ಅದನ್ನು ಪ್ರಾಮಾಣಿಕವಾಗಿ ಹಾಕಿದಳು. ಸೀಸರ್ ಶುರು ಮಾಡಿದ ಮಕ್ಕಳಲ್ಲಿ ಹೆಚ್ಚು ಪಾಲು ಇಲ್ಲೇ ಎಡವುತ್ತಾರೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ತೊಂದರೆಗಳು ಸೇರಿಕೊಂಡಿವೆ. ಒಂದು ಪದಕ್ಕೆ ಹತ್ತು ಅರ್ಥ ಇರುವುದು ಮೊದಲನೆಯದು. ಹತ್ತು ಪದಗಳು ಒಂದೇ ಅರ್ಥದವು ಎಂದು ಕಾಣುವುದು ಎರಡನೆಯದು. ಎರಡಕ್ಕೂ ಮದ್ದು ಮಾತ್ರ ಹತ್ತಿರಹತ್ತಿರ ಒಂದೇ: ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಪಕ್ಕದ ಕ್ರಿಯಾಪದದ ಜೊತೆಗೇ ಕಲಿಯಿರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸಿಗ್ನುಮ್. ಸೀಸರ್‌ನ ಗಾಲ್ ಯುದ್ಧದ ಎರಡನೇ ಪುಸ್ತಕ, 20ನೇ ಅಧ್ಯಾಯ ತೆಗೆಯಿರಿ. ಕ್ರಿ.ಪೂ. 57. ಸಾಬಿಸ್ ನದಿಯ ಪಕ್ಕ ರೋಮನ್ ಸೈನಿಕರು ಶಿಬಿರಕ್ಕೆ ಮಣ್ಣು ಅಗೆಯುತ್ತಿದ್ದಾಗ ಗಾಲ್‌ನ ನೆರ್ವಿ ಬುಡಕಟ್ಟಿನ ಜನ ಇದ್ದಕ್ಕಿದ್ದಂತೆ ಮುಗಿಬಿದ್ದರು. ಸೀಸರ್ ಎಲ್ಲವನ್ನೂ ಒಂದೇ ಹೊತ್ತಿಗೆ ಮಾಡಬೇಕಾಯಿತು. ವೆಕ್ಸಿಲ್ಲುಮ್ ಏರಿಸಬೇಕು, ಅದು ‘ಓಡಿಹೋಗಿ ಆಯುಧ ಹಿಡಿಯಿರಿ’ ಎನ್ನುವುದಕ್ಕೆ ಇನ್‌ಸಿಗ್ನೆ. ತುತ್ತೂರಿಯಿಂದ ಸಿಗ್ನುಮ್ ಕೊಡಬೇಕು. ಕೆಲಸದಲ್ಲಿದ್ದವರನ್ನು ಕರೆಯಬೇಕು, ಸಾಲು ನಿಲ್ಲಿಸಬೇಕು, ಹುರಿದುಂಬಿಸಬೇಕು. ಕೊನೆಗೆ ಮತ್ತೊಂದು ಸಿಗ್ನುಮ್ ಕೊಡಬೇಕು.

ಒಂದೇ ಉಸಿರಿನಲ್ಲಿ ಮೂರು ಪದ ಬಂತು ನೋಡಿ. ವೆಕ್ಸಿಲ್ಲುಮ್ ಒಂದು ವಸ್ತು, ಬಟ್ಟೆಯ ಬಾವುಟ. ಇನ್‌ಸಿಗ್ನೆ ಅಂದರೆ ಆ ಬಾವುಟಕ್ಕೆ ಎಲ್ಲರೂ ಮೊದಲೇ ಒಪ್ಪಿಕೊಂಡಿರುವ ಅರ್ಥ. ತುತ್ತೂರಿಯ ಸಿಗ್ನುಮ್ ಕಿವಿಗೆ ಬೀಳುವ ಸದ್ದು. ಸಿಗ್ನುಮ್ ಅಂದರೆ ಬಾವುಟ ಅಂತ ಉರು ಹೊಡೆದವರು ಇಲ್ಲೂ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಈ ವಾಕ್ಯದಲ್ಲಿ ಬಾವುಟ ಇದೆ, ಆದರೆ ಅದನ್ನು ಸೀಸರ್ ಸಿಗ್ನುಮ್ ಅಂತ ಕರೆದಿಲ್ಲ. ‘ಸಿಗ್ನುಮ್ ದಾರೆ’, ಸಿಗ್ನುಮ್ ಕೊಡುವುದು. ಕೊಡುವ ಸಿಗ್ನುಮ್ ಸಾಮಾನ್ಯವಾಗಿ ಸೂಚನೆ, ಸನ್ನೆ.

ಐದು ಅಧ್ಯಾಯ ಮುಂದೆ ಹೋಗಿ. ಯುದ್ಧ ಕೈಮೀರುತ್ತಿದೆ. ಒಂದು ಕೋಹೋರ್ಟ್‌ನ, ಅಂದರೆ ಕೆಲವು ನೂರು ಸೈನಿಕರ ತುಕಡಿಯ, ಸೆಂಚುರಿಯನ್‌ಗಳೆಂಬ ನಾಯಕರೆಲ್ಲ ಸತ್ತಿದ್ದಾರೆ, ಸಿಗ್ನಿಫೆರ್ ಸತ್ತಿದ್ದಾನೆ, ಸಿಗ್ನುಮ್ ಕಳೆದುಹೋಗಿದೆ. ಇಲ್ಲಿ ಕಳೆದದ್ದು ಸನ್ನೆಯಲ್ಲ. ತುದಿಯಲ್ಲಿ ಬಿಲ್ಲೆ, ಹಾರ, ಕೆಲವೊಮ್ಮೆ ಲೋಹದ ಅಂಗೈ ಇರುತ್ತಿದ್ದ ಉದ್ದನೆಯ ಕೋಲು. ಅದನ್ನು ಹಿಡಿಯುವವನೇ ಸಿಗ್ನಿಫೆರ್. ಹಿಂದಿನ ಸಾಲಿನ ಒಬ್ಬ ಸೈನಿಕನ ಗುರಾಣಿ ಕಿತ್ತುಕೊಂಡು ಸೀಸರ್ ತಾನೇ ಮುಂದಿನ ಸಾಲಿಗೆ ನುಗ್ಗುತ್ತಾನೆ, ಸೆಂಚುರಿಯನ್‌ಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ‘ಸಿಗ್ನಾ ಇನ್‌ಫೆರ್ರೆ’ ಎಂದು ಅಪ್ಪಣೆ ಮಾಡುತ್ತಾನೆ. ಮಗಳ ಪರೀಕ್ಷೆಯ ಮಾತು ಇದೇ. ಕೋಲನ್ನು ಶತ್ರುವಿನ ಕಡೆಗೆ ಒಯ್ಯಿರಿ, ಅಂದರೆ ಮುನ್ನುಗ್ಗಿ, ದಾಳಿ ಮಾಡಿ.

ಕೋಲಿಗೂ ದಾಳಿಗೂ ಏನು ಸಂಬಂಧ? ಧೂಳು, ಕೂಗಾಟದ ನಡುವೆ ನಾಯಕನ ಮಾತು ಯಾರಿಗೂ ಕೇಳಿಸದು. ತಲೆಗಳ ಮೇಲೆ ಎದ್ದು ಕಾಣುವುದು ಆ ಕೋಲು ಒಂದೇ. ಅದು ಹೋದ ಕಡೆ ಪಡೆ ಹೋಗಬೇಕು, ಅದು ನಿಂತರೆ ನಿಲ್ಲಬೇಕು. ಹಾಗಾಗಿ ಲ್ಯಾಟಿನ್‌ನಲ್ಲಿ ಕೋಲು ಏನು ಮಾಡಿತು ಎಂದರೆ ಸೈನ್ಯ ಏನು ಮಾಡಿತು ಎಂದೇ ಲೆಕ್ಕ. ಸಿಗ್ನಾ ಫೆರ್ರೆ ಅಂದರೆ ಹೊರಡುವುದು. ಸಿಗ್ನಾ ಕೋನ್‌ಫೆರ್ರೆ, ಎರಡು ಕಡೆಯವರ ಕೋಲುಗಳು ಹತ್ತಿರ ಬಂದವು, ಕೈ ಕೈ ಮಿಲಾಯಿಸಿದರು. ಸಿಗ್ನಾ ಕೋನ್‌ವೆರ್ತೆರೆ, ಪಡೆ ದಿಕ್ಕು ತಿರುಗಿಸಿತು. ಸಿಗ್ನಾ ರೆಲಿಂಕ್ವೆರೆ, ಸೈನ್ಯ ಬಿಟ್ಟು ಓಡಿಹೋಗುವುದು. ಇಷ್ಟನ್ನು ಒಮ್ಮೆ ಕಣ್ಣೆದುರು ತಂದುಕೊಂಡರೆ ಒಂದೊಂದನ್ನೂ ಬೇರೆಬೇರೆ ನೆನಪಿಡುವ ಕಷ್ಟ ಇರುವುದಿಲ್ಲ.

ಈ ಕೋಲುಗಳಿಗೆ ಎಷ್ಟು ಬೆಲೆ ಇತ್ತು ಗೊತ್ತಾ? ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸ್ಸುಸ್ ಇರಾನ್ ಕಡೆಯ ಪಾರ್ಥಿಯನ್ನರ ಕೈಯಲ್ಲಿ ಕಾರ್ಹೆ ಎಂಬಲ್ಲಿ ಸೋತು ಸತ್ತ. ಆಗ ಕಳೆದುಹೋದ ಸಿಗ್ನಾಗಳನ್ನು ಚಕ್ರವರ್ತಿ ಔಗುಸ್ತುಸ್ ವಾಪಸ್ ತರಿಸಿಕೊಂಡದ್ದು ಕ್ರಿ.ಪೂ. 20ರಲ್ಲಿ, ಅದೂ ಯುದ್ಧ ಮಾಡದೆ, ಮಾತುಕತೆಯಲ್ಲಿ. ಆ ಖುಷಿಗೆ ನಾಣ್ಯದ ಮೇಲೆ ‘ಸಿಗ್ನಿಸ್ ರೆಕೆಪ್ತಿಸ್’ ಎಂದು ಅಚ್ಚು ಹಾಕಿಸಿದ. ‘ಸಿಗ್ನಾಗಳು ಮರಳಿ ಸಿಕ್ಕ ಮೇಲೆ’ ಅಂತ ಅರ್ಥ. ಅಲ್ಲಿ ‘ಚಿಹ್ನೆಗಳು’ ಅಂತ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ, ಅಲ್ವಾ?

ಈಗ ಸೈನ್ಯ ಬಿಟ್ಟು ನ್ಯಾಯಾಲಯಕ್ಕೆ ಬನ್ನಿ. ಸಿಸಿಲಿಯ ಅಧಿಕಾರಿಯಾಗಿದ್ದ ವೆರ್ರೆಸ್‌ನ ವಿರುದ್ಧ ರೋಮ್‌ನ ವಾಗ್ಮಿ ಸಿಸೆರೊ ಕ್ರಿ.ಪೂ. 70ರಲ್ಲಿ ಬರೆದ ಭಾಷಣಗಳಲ್ಲಿ ಒಂದಕ್ಕೆ ‘ದೇ ಸಿಗ್ನಿಸ್’ ಎಂಬ ಹೆಸರಿದೆ. ‘ಬಾವುಟಗಳ ಬಗ್ಗೆ’ ಎಂದುಕೊಂಡು ಓದಲು ಕೂತರೆ ಒಂದು ಬಾವುಟವೂ ಸಿಗುವುದಿಲ್ಲ. ಅದು ವೆರ್ರೆಸ್ ಕದ್ದ ಶಿಲ್ಪಗಳ ಕಥೆ. ಮೆಸ್ಸಾನಾದ ಹೇಯುಸ್ ಎಂಬವನ ಮನೆಯ ಪೂಜಾಮಂದಿರದಲ್ಲಿ ನಾಲ್ಕು ಅತಿಸುಂದರ ಸಿಗ್ನಾಗಳಿದ್ದವು ಎನ್ನುತ್ತಾನೆ ಸಿಸೆರೊ. ಪ್ರಾಕ್ಸಿತೆಲೆಸ್ ಮಾಡಿದ ಕ್ಯುಪಿಡ್, ಮಿರೋನ್ ಮಾಡಿದ ಹೆರ್ಕ್ಯುಲೆಸ್, ಪೊಲಿಕ್ಲಿತುಸ್ ಮಾಡಿದ, ತಲೆಯ ಮೇಲೆ ಬುಟ್ಟಿ ಹೊತ್ತ ಇಬ್ಬರು ಹುಡುಗಿಯರು. ಕೆತ್ತಿದ, ಎರಕ ಹೊಯ್ದ ಆಕೃತಿ ಅನ್ನುವ ಅರ್ಥ ಇಲ್ಲಿ ಮುಂದೆ ಬಂದಿದೆ. ಇದೇ ಅರ್ಥ ಚಿಕ್ಕದಾದಾಗ ‘ಸಿಗಿಲ್ಲುಮ್’: ಪುಟ್ಟ ಗೊಂಬೆ, ಉಂಗುರದ ಮೇಲಿನ ಪುಟ್ಟ ಕೆತ್ತನೆ. ಆ ಉಂಗುರವನ್ನು ಮೇಣಕ್ಕೆ ಒತ್ತಿದರೆ ಮುದ್ರೆ. ರೋಮನ್ ಉಯಿಲಿಗೆ ಏಳು ಸಾಕ್ಷಿಗಳ ಮುದ್ರೆ ಹಾಕುವ ಪದ್ಧತಿ ಇತ್ತು. ನಿಮ್ಮ ಊರಿನ ಜರ್ಮನ್ ಮಾತಿನ ‘ಸೀಗೆಲ್’ ಈ ಸಿಗಿಲ್ಲುಮ್‌ನ ಮಗುವೇ. ಆಕಾಶದಲ್ಲಿ ನಕ್ಷತ್ರಗಳು ಸೇರಿ ಆಗುವ ಆಕೃತಿಯೂ ಸಿಗ್ನುಮ್. ಗುಪ್ತಪದದ ಅರ್ಥವೂ ಸೈನ್ಯದ್ದೇ. ಆ ರಾತ್ರಿಯ ಸಿಗ್ನುಮ್ ಅನ್ನು ತೆಸ್ಸೆರಾ ಎಂಬ ಪುಟ್ಟ ಹಲಗೆಯ ಮೇಲೆ ಬರೆದು ಪಡೆಯಿಂದ ಪಡೆಗೆ ಕಳಿಸುತ್ತಿದ್ದರು.

ಇನ್ನು ಎರಡನೇ ತೊಂದರೆ, ಶಕುನದ ಪದಗಳು. ನನಗೆ ಬಹಳ ಇಷ್ಟದ ಜಾಗ ಇದು, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಸಿಸೆರೊ ಒಂದು ಕಡೆ ಸುಲಭದ ಸೂತ್ರ ಕೊಡುತ್ತಾನೆ: ಇವು ತೋರಿಸುತ್ತವೆ, ಮುಂಚಿತವಾಗಿ ಸೂಚಿಸುತ್ತವೆ, ಕಾಣಿಸುತ್ತವೆ, ಮೊದಲೇ ಹೇಳುತ್ತವೆ, ಅದಕ್ಕೇ ಒಸ್ತೆಂತುಮ್, ಪೊರ್ತೆಂತುಮ್, ಮೋನ್‌ಸ್ಟ್ರುಮ್, ಪ್ರೋದಿಗಿಯುಮ್ ಎನ್ನುತ್ತೇವೆ ಅಂತ. ಶಾಲೆಯ ಟಿಪ್ಪಣಿಗಳಲ್ಲಿ ಇದು ಇದ್ದೇ ಇರುತ್ತದೆ. ಮೊದಲೆರಡು ಸರಿ. ಮೋನ್‌ಸ್ಟ್ರುಮ್ ಬಂದದ್ದು ‘ಮೊನೇರೆ’, ಎಚ್ಚರಿಸು ಅನ್ನುವುದರಿಂದ. ಪ್ರೋದಿಗಿಯುಮ್‌ಗೆ ಸಿಸೆರೊ ಹೇಳಿದ ಮೂಲವನ್ನು ಇವತ್ತಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯ, ಈ ಸೂತ್ರ ಪದಗಳ ಹುಟ್ಟು ಹೇಳುತ್ತದೆ, ಬಳಕೆ ಹೇಳುವುದಿಲ್ಲ. ಬಳಕೆ ಬೇಕಾದರೆ ಒಂದು ಪ್ರಶ್ನೆ ಕೇಳಿ: ಈ ಗುರುತು ಯಾರ ಪಾಲಿಗೆ ಬಂತು, ಅವರು ಅದನ್ನು ಏನು ಮಾಡಿದರು?

ಓಮೆನ್ ಬಹುಮಟ್ಟಿಗೆ ಕಿವಿಗೆ ಬಿದ್ದ ಮಾತು. ಯಾರೋ ಯಾವುದಕ್ಕೋ ಆಡಿದ್ದು, ಕೇಳಿದವನಿಗೆ ಇನ್ನೊಂದಾಗಿ ತಟ್ಟುತ್ತದೆ. ಸಿಸೆರೊ ಹೇಳುವ ಕಥೆ: ಎಮಿಲಿಯುಸ್ ಪೌಲ್ಲುಸ್ ಕ್ರಿ.ಪೂ. 168ರಲ್ಲಿ ಎರಡನೇ ಸಲ ಕಾನ್ಸುಲ್, ಅಂದರೆ ವರ್ಷಕ್ಕೆ ಇಬ್ಬರಂತೆ ಆರಿಸುತ್ತಿದ್ದ ರೋಮ್‌ನ ಅತ್ಯುನ್ನತ ಅಧಿಕಾರಿ, ಆಗಿದ್ದ. ಮ್ಯಾಸಿಡೋನಿಯಾದ ದೊರೆ ಪೆರ್ಸೆಯುಸ್ ಮೇಲಿನ ಯುದ್ಧ ಅವನ ಪಾಲಿಗೆ ಬಂದ ದಿನ ಸಂಜೆ ಮನೆಗೆ ಬಂದ. ಪುಟ್ಟ ಮಗಳು ತೆರ್ತಿಯಾ ಮುಖ ಸಪ್ಪೆ ಮಾಡಿಕೊಂಡಿದ್ದಳು. ಯಾಕಮ್ಮ ಅಂದ. ‘ಅಪ್ಪಾ, ಪೆರ್ಸಾ ಸತ್ತುಹೋಯ್ತು’ ಅಂದಳು. ಪೆರ್ಸಾ ಅವಳ ನಾಯಿಮರಿ. ಅಪ್ಪ ಅವಳನ್ನು ಬಿಗಿಯಾಗಿ ಅಪ್ಪಿಕೊಂಡು ಹೇಳಿದ: ‘ಅಕ್ಕಿಪಿಯೊ, ಮೇಯಾ ಫಿಲಿಯಾ, ಓಮೆನ್.’ ಈ ಓಮೆನ್ ಅನ್ನು ನಾನು ತೆಗೆದುಕೊಂಡೆ, ಮಗಳೇ. ಆ ಯುದ್ಧದಲ್ಲಿ ಪೆರ್ಸೆಯುಸ್ ಸೋತು ಸೆರೆಯಾದ.

‘ಅಕ್ಕಿಪಿಯೊ’ ಗಮನಿಸಿ. ಓಮೆನ್ ಸುಮ್ನೆ ಬಂದು ತಲೆ ಮೇಲೆ ಕೂರುವುದಿಲ್ಲ. ಕೇಳಿದವನು ತೆಗೆದುಕೊಳ್ಳಬೇಕು, ಅಥವಾ ಬೇಡ ಅನ್ನಬೇಕು. ಬೇಡ ಅನ್ನುವುದಕ್ಕೂ ಒಂದು ಕ್ರಿಯಾಪದ ಇದೆ, ‘ಅಬೊಮಿನಾರಿ’. ಓಮೆನ್ ಅನ್ನು ಆಚೆ ತಳ್ಳುವುದು. ನಮ್ಮ ಮನೆಗಳಲ್ಲಿ ಯಾರಾದರೂ ಕೆಟ್ಟ ಮಾತು ಆಡಿದರೆ ಅಜ್ಜಿ ‘ಬಿಡ್ತು ಅನ್ನು’ ಅಂತ ಗದರುತ್ತಾಳಲ್ಲ, ಮೇಲೆ ಅಸ್ತು ದೇವತೆಗಳು ‘ಅಸ್ತು’ ಅಂದುಬಿಟ್ಟಾರು ಅನ್ನುವ ಭಯಕ್ಕೆ? ಆ ಅಸ್ತು ಇಲ್ಲಿನ ಅಕ್ಕಿಪಿಯೊ, ಆ ಬಿಡ್ತು ಇಲ್ಲಿನ ಅಬೊಮಿನಾರಿ. ಕನ್ನಡದ ಮಕ್ಕಳಿಗೆ ಹೀಗೆ ಹೇಳಿದರೆ ಮತ್ತೆ ಮರೆಯುವುದಿಲ್ಲ. ನಿಮ್ಮ ಮಗಳಿಗೂ ಹೇಳಿ ನೋಡಿ.

ಔಸ್ಪಿಕಿಯುಮ್ ಬೇರೆ ಜಾತಿ. ‘ಅವಿಸ್’ ಅಂದರೆ ಹಕ್ಕಿ, ‘ಸ್ಪೆಕೆರೆ’ ಅಂದರೆ ನೋಡು. ಸಂಸ್ಕೃತದ ‘ಶಕುನ’ಕ್ಕೂ ಹಕ್ಕಿ ಎಂಬ ಅರ್ಥ ಇರುವುದರಿಂದ ಈ ಒಂದು ಪದಕ್ಕೆ ಮಾತ್ರ ಶಕುನ ಚೆನ್ನಾಗಿ ಒಪ್ಪುತ್ತದೆ. ಆದರೆ ಇಲ್ಲಿ ದೊಡ್ಡ ತಪ್ಪು ತಿಳುವಳಿಕೆ ಒಂದಿದೆ, ರೋಮನ್ನರು ಹಕ್ಕಿ ನೋಡಿ ಭವಿಷ್ಯ ಹೇಳುತ್ತಿದ್ದರು ಅಂತ. ಔಸ್ಪಿಕಿಯುಮ್‌ನಲ್ಲಿ ಕೇಳುತ್ತಿದ್ದದ್ದು ಮುಖ್ಯವಾಗಿ ಒಪ್ಪಿಗೆ: ಈ ಕೆಲಸ ಇವತ್ತು ಮಾಡಬಹುದಾ, ಬಾರದಾ? ಕೇಳುವ ಹಕ್ಕು ಅಧಿಕಾರಿಯದು, ಔಗುರ್ ಅದನ್ನು ಬಲ್ಲ ಪರಿಣತ. ಬೇಡ ಎಂದಾದರೆ ಔಗುರ್ ‘ಅಲಿಯೊ ದಿಯೆ’, ಇನ್ನೊಂದು ದಿನ, ಎಂದು ಸಭೆಯನ್ನೇ ಮುಗಿಸಬಹುದಿತ್ತು. ಹಾಗಾಗಿ ಇದು ರಾಜಕೀಯದ ಅಸ್ತ್ರವೂ ಆಯಿತು. ಕ್ರಿ.ಪೂ. 59ರಲ್ಲಿ ಸೀಸರ್‌ನ ಕಾನೂನುಗಳನ್ನು ತಡೆಯಲು ಜೊತೆ ಕಾನ್ಸುಲ್ ಬಿಬುಲುಸ್ ಮನೆಯಲ್ಲೇ ಕೂತು ‘ಆಕಾಶ ನೋಡುತ್ತಿದ್ದೇನೆ’ ಎಂದು ಹೇಳಿ ಕಳಿಸುತ್ತಿದ್ದ. ಹಡಗಿನಲ್ಲಿ, ದಂಡಿನಲ್ಲಿ ಪವಿತ್ರ ಕೋಳಿಗಳನ್ನೂ ಇಟ್ಟುಕೊಳ್ಳುತ್ತಿದ್ದರು. ಅವು ಗಬಗಬ ತಿಂದು ಕಾಳು ಕೆಳಗೆ ಉದುರಿಸಿದರೆ ಒಪ್ಪಿಗೆ. ಕ್ರಿ.ಪೂ. 249ರಲ್ಲಿ ದ್ರೆಪಾನಾ ಹತ್ತಿರ ಕೋಳಿಗಳು ಕಾಳು ಮುಟ್ಟಲಿಲ್ಲ. ‘ತಿನ್ನದಿದ್ದರೆ ಕುಡಿಯಲಿ’ ಅಂತ ರೋಮನ್ ನೌಕಾಪಡೆಯ ನಾಯಕ ಕ್ಲೌದಿಯುಸ್ ಪುಲ್ಕೆರ್ ಅವನ್ನು ಸಮುದ್ರಕ್ಕೆ ಎಸೆಸಿದ, ಯುದ್ಧ ಮಾಡಿದ, ಸೋತ ಎಂದು ಕಥೆ.

ಪ್ರೋದಿಗಿಯುಮ್ ಸರ್ಕಾರಿ ಕಡತ ಇದ್ದ ಹಾಗೆ. ಎಲ್ಲೋ ಏನೋ ವಿಚಿತ್ರ ನಡೆಯುತ್ತದೆ, ಯಾರೋ ಬಂದು ವರದಿ ಮಾಡುತ್ತಾರೆ, ಸೆನೆಟ್ ಅದನ್ನು ಒಪ್ಪಿಕೊಳ್ಳಬೇಕು. ಒಪ್ಪಿದರೆ ಪುರೋಹಿತರಿಗೆ ಹೋಗುತ್ತದೆ, ಶಾಂತಿ ನಡೆಯುತ್ತದೆ. ಕ್ರಿಯಾಪದಗಳೂ ಹಾಗೇ: ‘ನುನ್‌ತಿಯಾರೆ’ ವರದಿ ಮಾಡು, ‘ಸುಸ್ಕಿಪೆರೆ’ ಒಪ್ಪಿಕೋ, ‘ಪ್ರೋಕುರಾರೆ’ ಶಾಂತಿ ಮಾಡಿಸು. ಕ್ರಿ.ಪೂ. 218ರ ಚಳಿಗಾಲ, ರೋಮ್‌ನ ಶತ್ರು ಕಾರ್ತೇಜಿನ ಸೇನಾಪತಿ ಹನ್ನಿಬಾಲ್ ಇಟಲಿಯೊಳಗೆ ಬಂದಾಗಿದೆ. ಆಗಿನ ಪಟ್ಟಿಯನ್ನು ರೋಮನ್ ಇತಿಹಾಸಕಾರ ಲಿವಿ 21ನೇ ಪುಸ್ತಕದಲ್ಲಿ ಕೊಡುತ್ತಾನೆ. ತರಕಾರಿ ಮಾರುಕಟ್ಟೆಯಲ್ಲಿ ಆರು ತಿಂಗಳ ಕೂಸು ‘ಜಯ’ ಎಂದು ಕೂಗಿತು. ದನದ ಸಂತೆಯಲ್ಲಿ ಒಂದು ಎತ್ತು ತಾನಾಗಿ ಮೂರನೇ ಅಂತಸ್ತು ಹತ್ತಿ ಅಲ್ಲಿಂದ ಹಾರಿತು. ಪಿಕೆನುಮ್‌ನಲ್ಲಿ ಕಲ್ಲಿನ ಮಳೆ, ಅದಕ್ಕೆ ಒಂಬತ್ತು ದಿನದ ವ್ರತ. ಇಷ್ಟು ಹೇಳುವ ಮೊದಲೇ ಲಿವಿ ಎಚ್ಚರಿಸಿರುತ್ತಾನೆ: ಇವು ನಡೆದವೋ, ಅಥವಾ ಜನರ ಮನಸ್ಸು ಒಮ್ಮೆ ದೇವರ ಭಯಕ್ಕೆ ಬಿದ್ದಾಗ ಆಗುವಂತೆ, ಬರೀ ವರದಿಯಾಗಿ ಸುಮ್ನೆ ನಂಬಿದವೋ ಅಂತ. ರೋಮನ್ನರೆಲ್ಲ ಕಣ್ಣುಮುಚ್ಚಿ ನಂಬಿದರು ಅನ್ನುವವರು ಈ ಸಾಲು ಓದಬೇಕು. ಸ್ವತಃ ಔಗುರ್ ಆಗಿದ್ದ ಸಿಸೆರೊ ಭವಿಷ್ಯಜ್ಞಾನದ ಮೇಲೆ ಬರೆದ ಎರಡು ಭಾಗಗಳ ಸಂವಾದದಲ್ಲಿ, ಎರಡನೇ ಭಾಗ ಪೂರ್ತಿ ಅದನ್ನು ಅಲ್ಲಗಳೆಯುವುದಕ್ಕೇ ಮೀಸಲು.

ಸೆನೆಟ್ ಬಂದದ್ದನ್ನೆಲ್ಲ ಒಪ್ಪುತ್ತಲೂ ಇರಲಿಲ್ಲ. ಕ್ರಿ.ಪೂ. 169ರಲ್ಲಿ ಎರಡು ವರದಿಗಳನ್ನು ತಿರಸ್ಕರಿಸಿತು. ಒಬ್ಬನ ಮನೆಯ ಅಂಗಳದ ತೊಟ್ಟಿಯಲ್ಲಿ ತಾಳೆ ಗಿಡ ಹುಟ್ಟಿತ್ತು. ಅದು ಖಾಸಗಿ ಜಾಗ, ಬೇಡ. ಫ್ರೆಗೆಲ್ಲೆಯಲ್ಲಿ ಒಂದು ಈಟಿ ಹಗಲಲ್ಲೇ ಎರಡು ಗಂಟೆಗೂ ಜಾಸ್ತಿ ಉರಿದರೂ ಸುಟ್ಟಿರಲಿಲ್ಲ. ಅದು ರೋಮ್‌ನ ನೆಲವಲ್ಲ, ಬೇಡ. ಪ್ರೋದಿಗಿಯುಮ್ ಅನ್ನು ‘ಅದ್ಭುತ’ ಎಂದಷ್ಟೇ ಅನುವಾದಿಸಿದರೆ ಈ ಇಡೀ ವ್ಯವಹಾರ ಮಾಯವಾಗುತ್ತದೆ.

ಮೋನ್‌ಸ್ಟ್ರುಮ್ ಮತ್ತು ಎಡಗಡೆ, ಈ ಎರಡಕ್ಕೂ ಒಂದೇ ಕಡೆ ಉತ್ತರ ಇದೆ. ಕವಿ ವರ್ಜಿಲ್‌ನ ಮಹಾಕಾವ್ಯ ಈನಿಯಡ್, ಎರಡನೇ ಪುಸ್ತಕ, 680ನೇ ಸಾಲಿನಿಂದ. ಟ್ರಾಯ್ ಉರಿಯುತ್ತಿದೆ. ಕಥಾನಾಯಕ ಈನಿಯಸ್‌ನ ಮುದಿ ಅಪ್ಪ ಅಂಕಿಸೆಸ್ ಮನೆ ಬಿಟ್ಟು ಬರಲೊಲ್ಲ. ಆಗ ಮೊಮ್ಮಗ ಯೂಲುಸ್‌ನ ತಲೆಯ ಮೇಲೆ ಸಣ್ಣ ಜ್ವಾಲೆ ಏಳುತ್ತದೆ, ಕೂದಲನ್ನು ಸವರುತ್ತದೆ, ಸುಡುವುದಿಲ್ಲ. ಇದನ್ನು ಕವಿ ಕರೆಯುವುದು ‘ಮೋನ್‌ಸ್ಟ್ರುಮ್’. ಇಲ್ಲಿ ರಾಕ್ಷಸ ಯಾರೂ ಇಲ್ಲ, ಇದು ಒಳ್ಳೆಯ ಗುರುತು. ಎಲ್ಲರೂ ಗಾಬರಿಯಿಂದ ನೀರು ಹಾಕಲು ಹೋದರೆ ಅಜ್ಜ ಮಾತ್ರ ಖುಷಿಯಿಂದ ಕೈ ಎತ್ತಿ, ಇದನ್ನು ಗಟ್ಟಿ ಮಾಡು ಎಂದು ಜೂಪಿಟರ್‌ನನ್ನು ಬೇಡುತ್ತಾನೆ. ತಕ್ಷಣ ಗುಡುಗುತ್ತದೆ, ಎಡಗಡೆಯಲ್ಲಿ. ಒಂದು ನಕ್ಷತ್ರ ಜಾರುತ್ತದೆ. ಅಜ್ಜ ಹೊರಡಲು ಒಪ್ಪುತ್ತಾನೆ.

ಎಡಗಡೆಯ ಗುಡುಗು ಒಳ್ಳೆಯದು ಹೇಗಾಯಿತು? ರೋಮನ್ ವಿದ್ವಾಂಸ ವಾರ್ರೊ ವಿವರಿಸುವ ಹಾಗೆ, ನೋಡುವವನ ಮುಂದೆ ದಕ್ಷಿಣ, ಹಿಂದೆ ಉತ್ತರ. ಆಗ ಎಡಕ್ಕೆ ಪೂರ್ವ, ಸೂರ್ಯ ಹುಟ್ಟುವ ಕಡೆ. ಗ್ರೀಕರಿಗೆ ಬಲ ಶುಭ. ನಮಗೆ ಎಡ ಒಳ್ಳೆಯದು, ಗ್ರೀಕರಿಗೂ ಇತರರಿಗೂ ಬಲ ಅಂತ ಸಿಸೆರೊ ನೇರವಾಗಿ ಬರೆದಿದ್ದಾನೆ. ಹಾಗಾದರೆ ಸಿನಿಸ್ಟರ್‌ಗೆ ಕೆಟ್ಟ ಅರ್ಥ ಎಲ್ಲಿಂದ? ರೋಮನ್ ಕವಿಗಳು ಗ್ರೀಕ್ ರೂಢಿ ಹಿಡಿದು ‘ಸಿನಿಸ್ತೆರ್’ ಅನ್ನು ಅಶುಭಕ್ಕೂ ಬಳಸಿದರು, ಮುಂದೆ ಉಳಿದದ್ದು ಅದೇ. ಅಂದರೆ ನಿಮಗೆ ಹೇಳಿದವರ ಮಾತು ಅರ್ಧ ನಿಜ. ಪಠ್ಯದಲ್ಲಿ ಸಿನಿಸ್ತೆರ್ ಬಂದಾಗ ಔಗುರ್‌ನ ಮಾತೋ ಕವಿಯ ಮಾತೋ ನೋಡದೆ ಶುಭ, ಅಶುಭ ಅಂತ ತೀರ್ಮಾನ ಬೇಡ. ಹಕ್ಕಿಗಳಲ್ಲೂ ಒಂದೇ ನಿಯಮ ಇರಲಿಲ್ಲ. ದೊಡ್ಡ ಕಾಡುಕಾಗೆ ಬಲಕ್ಕೆ, ಸಾಮಾನ್ಯ ಕಾಗೆ ಎಡಕ್ಕೆ ಬಂದರೆ ಒಪ್ಪಿಗೆ ಎಂದು ಸಿಸೆರೊನ ಸಂವಾದದಲ್ಲೇ ಇದೆ.

ಸರಿ, ಕಲಿಯುವುದು ಹೇಗೆ? ಒಂದು ಪದಕ್ಕೆ ಒಂದು ಅರ್ಥದ ಪಟ್ಟಿ ವಾರದ ಕಿರುಪರೀಕ್ಷೆಗೆ ಸಾಕು. ಬೇಗ ಆಗುತ್ತದೆ, ನಾನು ಬೇಡ ಅನ್ನುವುದಿಲ್ಲ. ಅನುವಾದದ ಪರೀಕ್ಷೆಯಲ್ಲಿ ಅದು ಕೈಕೊಡುತ್ತದೆ, ಅದನ್ನು ನೀವೇ ನೋಡಿದ್ದೀರಿ. ಜರ್ಮನ್, ಇಂಗ್ಲಿಷಿನ ನೆಂಟ ಪದಗಳನ್ನು ಹಿಡಿದು ಹೋಗುವುದು ಇನ್ನೊಂದು ದಾರಿ. ಸೀಗೆಲ್‌ನಂಥವು ದಾರಿ ತೋರಿಸುತ್ತವೆ, ಮಾನ್‌ಸ್ಟರ್‌ನಂಥವು ದಾರಿ ತಪ್ಪಿಸುತ್ತವೆ. ಜರ್ಮನ್‌ನ ‘ಸೇಗ್ನೆನ್’, ಆಶೀರ್ವದಿಸು, ಬಂದದ್ದು ‘ಸಿಗ್ನಾರೆ’ಯಿಂದಲೇ, ಆದರೆ ಚರ್ಚಿನಲ್ಲಿ ಶಿಲುಬೆಯ ಗುರುತು ಮಾಡುವುದರ ಮೂಲಕ. ಸೀಸರ್‌ಗೆ ಆ ಅರ್ಥ ಗೊತ್ತೇ ಇರಲಿಲ್ಲ. ಹೀಗಾಗಿ ನೆಂಟ ಪದವನ್ನು ನೆನಪಿಗೆ ಕೊಂಡಿಯಾಗಿ ಇಟ್ಟುಕೊಳ್ಳಿ, ಉತ್ತರವಾಗಿ ಬರೆಯಬೇಡಿ.

ನಾನು ಮಕ್ಕಳಿಗೆ ಮಾಡಿಸುವುದು ಮೂರನೆಯದು. ಕಾರ್ಡಿನ ಒಂದು ಬದಿಗೆ ‘ಸಿಗ್ನುಮ್’ ಒಂದನ್ನೇ ಬರೆಯದೆ ‘ಸಿಗ್ನಾ ಇನ್‌ಫೆರ್ರೆ, ಸೀಸರ್’ ಅಂತ ಪೂರ್ತಿ ಬರೆಯುವುದು. ಇದು ನಿಧಾನ, ಕಾರ್ಡು ಜಾಸ್ತಿ ಆಗುತ್ತವೆ, ಮೊದಲ ತಿಂಗಳು ಮಕ್ಕಳು ಗೊಣಗುತ್ತಾರೆ. ಇದರಲ್ಲೂ ಒಂದು ಅಪಾಯ ಇದೆ. ಸಿಗ್ನಾ ಜೊತೆ ‘ಒಯ್ಯು’ ಅನ್ನುವಂಥ ಕ್ರಿಯಾಪದ ಕಂಡ ಕೂಡಲೇ ಯುದ್ಧ ಎಂದುಕೊಳ್ಳುತ್ತಾರೆ. ಸಿಸೆರೊ ವೆರ್ರೆಸ್‌ನ ಬಗ್ಗೆ ‘ಸಿಗ್ನಾ’ ಮತ್ತು ‘ಔಫೆರ್ರೆ’ ಒಟ್ಟಿಗೆ ಹೇಳಿದರೆ ಅದು ಶಿಲ್ಪ ಹೊತ್ತೊಯ್ದ ಕಳ್ಳತನ. ಅದಕ್ಕೇ ಲೇಖಕನ ಹೆಸರೂ ಕಾರ್ಡಿನ ಮೇಲೆ ಇರಬೇಕು. ಪರೀಕ್ಷೆಯಲ್ಲಿ ನಿಘಂಟಿಗೆ ಅವಕಾಶ ಇದ್ದರೆ, ಮೊದಲ ಅರ್ಥ ಬರೆದು ಮುಂದೆ ಹೋಗುವ ಅಭ್ಯಾಸ ಬಿಡಿಸಿ. ಆ ಪದದ ಕೆಳಗೆ ಕೊಟ್ಟಿರುವ ಪದಗುಚ್ಛಗಳಲ್ಲಿ ತನ್ನ ವಾಕ್ಯದ ಕ್ರಿಯಾಪದ ಇದೆಯಾ ಎಂದು ಬೆರಳಿಟ್ಟು ಹುಡುಕಲಿ.

ಒಟ್ಟಿಗೆ ಓದುವುದಾದರೆ ತೆರ್ತಿಯಾಳ ನಾಯಿಮರಿಯ ಕಥೆಯಿಂದ ಶುರು ಮಾಡಿ. ಸಿಸೆರೊನ ಆ ಸಂವಾದದ ಮೊದಲ ಪುಸ್ತಕ, 103ನೇ ಭಾಗ. ಕೆಲವೇ ಸಾಲು, ವಾಕ್ಯಗಳೂ ಚಿಕ್ಕವು. ಆಮೇಲೆ ಲಿವಿಯ 21ನೇ ಪುಸ್ತಕದ 62ನೇ ಅಧ್ಯಾಯ. ಅದು ಕಷ್ಟ, ಇಡೀ ಪಟ್ಟಿ ‘ಹೀಗಾಯಿತಂತೆ’ ಅನ್ನುವ ಪರೋಕ್ಷ ಮಾತಿನಲ್ಲಿದೆ, ಒಂದು ವಾರ ಬೇಕಾಗಬಹುದು. ವರ್ಜಿಲ್ ಕೊನೆಗೆ ಇರಲಿ. ಛಂದಸ್ಸಿಗೆ ಒಗ್ಗುವಂತೆ ಕವಿಗಳು ಓಮೆನ್, ಮೋನ್‌ಸ್ಟ್ರುಮ್, ಔಗುರ್ ನೋಡುವ ಗುರುತಾದ ಔಗುರಿಯುಮ್‌ಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತಾರೆ. ಅಲ್ಲಿ ನಿಮ್ಮ ಮಗಳು ಸರಳವಾಗಿ ‘ಶಕುನ’ ಅನ್ನುವ ಅರ್ಥ ಬರೆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲಿವಿಯಲ್ಲಿ ಹಾಗೆ ಬರೆದರೆ ಸೆನೆಟ್, ವರದಿ, ಶಾಂತಿ ಮೂರೂ ಕೈಬಿಟ್ಟುಹೋಗುತ್ತವೆ.